ಇಂತಿ ನಿನ್ನ ವಿಧೇಯ ತಲೆನೋವು

‘ಇವರಿಗೆ, ನನ್ನ ಬೆಂಚಿನ ಗೆಳತಿಯವರು, ಏಳನೇ ತರಗತಿ. ವಿಷಯ: ನನ್ನನ್ನು ಮರೆಯದೇ ಇರುವ ಕುರಿತು. ಮಾನ್ಯರೇ, ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಬರುವ ಜೂನ್‌ನಿಂದ ಬಿಸಿಯೂಟದ ಸಾಲಿನಲ್ಲಿ ತಮ್ಮ ಹಿಂದೆ ನಿಂತು ದೂಡಲು ನನ್ನಿಂದ ಆಗುವುದಿಲ್ಲ. ಕಾರಣ ದಯಮಾಡಿ ಖಾಯಂ ರಜೆ ಮಂಜೂರು ಮಾಡಬೇಕು. ಇಂತಿ ನಿನ್ನ ವಿಧೇಯ ತಲೆನೋವು.’

ಮಾರ್ಚ್ ಬಂತೆಂದರೆ ಯಲ್ಲಾಪುರ ತಾಲೂಕಿನ ನಂದೊಳ್ಳಿಯಂಥ ಊರುಗಳ ಕಡೆ ಏಳನೇ ತರಗತಿಯ ಬೆಂಚುಗಳ ನಡುವೆ ಓಡಾಡುವುದು ಈ ಧಾಟಿಯ ಅರ್ಜಿಗಳೇ. ಪರೀಕ್ಷೆಗೆ ಓದುವುದು ಇನ್ನೂ ಬಾಕಿ, ಆದರೆ ಆಟೋಗ್ರಾಫ್ ಪುಸ್ತಕ ತುಂಬಿಸುವ ಕೆಲಸ ಭರದಿಂದ ಸಾಗಿರುತ್ತದೆ. ದೊಡ್ಡವರ ಕಣ್ಣಿಗೆ ಇದು ಹುಡುಗಾಟ. ಆದರೆ ಮೇಲಿನ ಅರ್ಜಿಯನ್ನು ಇನ್ನೊಮ್ಮೆ ಓದಿ ನೋಡಿ. ರಜಾ ಅರ್ಜಿಯ ನಮೂನೆಯನ್ನು ಕನ್ನಡ ವ್ಯಾಕರಣದ ಪಾಠದಲ್ಲಿ ಅಕ್ಕೋರು ಎಷ್ಟು ಸಲ ಬರೆಸಿದ್ದರೋ ಏನೋ, ಉತ್ತರಪತ್ರಿಕೆಯಲ್ಲಿ ‘ವಿಷಯ’ ಬರೆಯುವುದನ್ನೇ ಮರೆಯುತ್ತಿದ್ದ ಹುಡುಗಿ ಇಲ್ಲಿ ಅದನ್ನು ಬಿಟ್ಟಿಲ್ಲ. ಅಣಕ ಮಾಡಬೇಕಾದರೆ ಮೂಲ ಪೂರ್ತಿ ಕೈವಶವಾಗಿರಬೇಕು. ಏಳು ವರ್ಷದ ಶಾಲೆ ಯಾರ ತಲೆಗೆ ಎಷ್ಟು ಇಳಿದಿದೆ ಎಂದು ತಿಳಿಯಬೇಕಿದ್ದರೆ ಪ್ರಶ್ನೆಪತ್ರಿಕೆಗಿಂತ ಈ ಬಣ್ಣದ ಹಾಳೆಗಳೇ ಹೆಚ್ಚು ನಂಬಿಕೆಗೆ ಅರ್ಹ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಏಳನೆಯದಕ್ಕೆ ಅಷ್ಟು ದೊಡ್ಡ ಬೀಳ್ಕೊಡುಗೆ ಯಾಕೆ ಎಂದು ಪೇಟೆಯವರು ಕೇಳಬಹುದು. ಅಲ್ಲಿ ಒಂದೇ ಕಟ್ಟಡದಲ್ಲಿ ಎಲ್‌ಕೆಜಿಯಿಂದ ಎಸ್‌ಎಸ್‌ಎಲ್‌ಸಿವರೆಗೆ ಮೆಟ್ಟಿಲು ಹತ್ತಿದರಾಯಿತು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಥೆ ಬೇರೆ. ಶಿರಸಿಯನ್ನು ಕೇಂದ್ರವಾಗಿಟ್ಟುಕೊಂಡ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆಯೇ ಇಲ್ಲಿದೆ. ಶಾಲೆಗಳು ಮನೆಗಳ ಹಾಗೆಯೇ ಗುಡ್ಡಕ್ಕೊಂದು, ಕಣಿವೆಗೊಂದು. ಒಂದರಿಂದ ಏಳರವರೆಗೆ ಹಿರಿಯ ಪ್ರಾಥಮಿಕ, ಎಂಟರಿಂದ ಹತ್ತು ಪ್ರೌಢಶಾಲೆ ಎಂಬ ನಮ್ಮ ರಾಜ್ಯದ ಲೆಕ್ಕದಲ್ಲಿ ಏಳು ಮುಗಿದರೆ ಎಷ್ಟೋ ಹಳ್ಳಿಗಳಲ್ಲಿ ಊರಿನ ಶಾಲೆಯ ಋಣ ಮುಗಿಯಿತು. ಆಮೇಲೆ ಒಬ್ಬ ಬಸ್ಸು ಹಿಡಿದು ಯಲ್ಲಾಪುರಕ್ಕೆ, ಒಬ್ಬಳು ಶಿರಸಿಯ ಅಜ್ಜನಮನೆಯಿಂದ ಶಾಲೆಗೆ, ಇನ್ನೊಬ್ಬ ಹಾಸ್ಟೆಲಿಗೆ. ಮುಂಡಗೋಡಿನ ನವೋದಯಕ್ಕೆ ಆಯ್ಕೆಯಾದವರು ಐದು ಮುಗಿಸಿಯೇ ಹೊರಟಿರುತ್ತಾರೆ. ತರಗತಿಯಲ್ಲಿ ಮೊದಲೇ ಬೆರಳೆಣಿಕೆಯ ಮಕ್ಕಳು. ಒಂದನೇ ತರಗತಿಯಲ್ಲಿ ಚಡ್ಡಿ ಒದ್ದೆ ಮಾಡಿಕೊಂಡದ್ದರಿಂದ ಹಿಡಿದು ಎಲ್ಲವೂ ಎಲ್ಲರಿಗೂ ಗೊತ್ತು. ಅಂಥ ಗುಂಪು ಚದುರುವುದು ಎಸ್‌ಎಸ್‌ಎಲ್‌ಸಿಯಲ್ಲಿ ಅಲ್ಲ, ಇಲ್ಲಿ. ಹತ್ತನೆಯದರ ಸೆಂಡಾಫ್‌ನಲ್ಲಿ ಸೀರೆ ಉಡುವ ಗೌಜು, ಫೋಟೊದ ಗೌಜು ಜಾಸ್ತಿ. ನಗು ಮಾತ್ರ ಏಳನೆಯದರಲ್ಲೇ ಚೊಕ್ಕ.

ಹಿಂದೆಯೂ ಏಳನೆಯದು ಹೊಸ್ತಿಲೇ ಆಗಿತ್ತು. 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದ ಈ ಉತ್ತರ ಕನ್ನಡ ಜಿಲ್ಲೆ 1956ರ ನವೆಂಬರ್ 1ರವರೆಗೂ ಮುಂಬಯಿಯ ಆಡಳಿತದಲ್ಲೇ ಇತ್ತು. ಆ ಕಾಲದಲ್ಲಿ ಏಳನೇ ಇಯತ್ತೆಯ ಕೊನೆಗೆ ‘ಮುಲ್ಕಿ’ ಪರೀಕ್ಷೆ. ಮುಲ್ಕಿ ಪಾಸಾದವನಿಗೆ ಕನ್ನಡ ಶಾಲೆಯ ಮಾಸ್ತರಿಕೆ ಸಿಗುವ ಯೋಗ್ಯತೆ ಬಂತು ಎಂದೇ ಅರ್ಥ. ಹದಿನಾಲ್ಕು ಹದಿನೈದರ ಹುಡುಗ ಹೆಗಲಿಗೆ ಶಾಲು ಹಾಕಿಕೊಂಡು ಬಂದರೆ ನಿನ್ನೆಯವರೆಗೆ ‘ತಮ್ಮಾ’ ಎನ್ನುತ್ತಿದ್ದ ಊರು ‘ಮಾಸ್ತರ್ರೇ, ಆಸರಿಗೆ ಬೇಕಾ?’ ಎಂದು ಕೇಳುವುದು. ಅಂಥವನಿಗೆ ಆಟೋಗ್ರಾಫ್ ಬರೆಸಿಕೊಳ್ಳಲು ಪುರುಸೊತ್ತೆಲ್ಲಿ? ನಗೆಯ ಬೀಳ್ಕೊಡುಗೆ ಹುಟ್ಟಿದ್ದು ಏಳನೆಯದರ ಭಾರ ಇಳಿದ ಮೇಲೆ, ಅದು ಬದುಕಿನ ಕೊನೆಯ ಪರೀಕ್ಷೆಯಾಗಿ ಉಳಿಯದೆ ನಡುದಾರಿಯ ಒಂದು ನಿಲ್ದಾಣವಾದ ಮೇಲೆ.

ಪುಸ್ತಕವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಅಂಗೈಗಿಂತ ತುಸು ದೊಡ್ಡದು, ಅಡ್ಡಕ್ಕೆ ತೆರೆಯುವಂಥದ್ದು. ರಟ್ಟಿನ ಮೇಲೆ ಗುಲಾಬಿ ಹೂವೋ ಸೂರ್ಯಾಸ್ತವೋ ಬೆನ್ನು ತಿರುಗಿಸಿ ಕೂತ ಇಬ್ಬರು ಮಕ್ಕಳೋ. ಒಳಗೆ ಗುಲಾಬಿ, ತಿಳಿಹಸಿರು, ಹಳದಿ, ನೀಲಿ ಹಾಳೆಗಳು ಸರದಿಯಲ್ಲಿ. ಮೊದಲ ಹಾಳೆ ಹೆಡ್‌ಮಾಸ್ತರರಿಗೆ ಎಂಬುದು ಯಾರೂ ಬರೆದಿಡದ ಕಾನೂನು. ಅವರು ಕೆಂಪು ಶಾಯಿಯಲ್ಲಿ ‘ಉತ್ತಮ ಪ್ರಜೆಯಾಗು’ ಎಂದು ಬರೆದು ದಿನಾಂಕ ಹಾಕುತ್ತಾರೆ. ನಲವತ್ತು ಪುಸ್ತಕ ಬಂದರೂ ಅದೇ ಮಾತು. ಆ ಹಾಳೆಯ ಪಾವಿತ್ರ್ಯ ಮುಗಿದದ್ದೇ ತಡ, ಎರಡನೆಯದರಿಂದ ಗಲಾಟೆ ಶುರು.

ಕೆಲವರು ಹಾಳೆಯ ಮೂಲೆಯನ್ನು ತ್ರಿಕೋನವಾಗಿ ಮಡಚಿ, ಮೇಲೆ ದೊಡ್ಡಕ್ಷರದಲ್ಲಿ ‘ಗುಟ್ಟು, ತೆರೆಯಬೇಡ’ ಎಂದು ಬರೆಯುತ್ತಾರೆ. ತೆರೆಯದೇ ಇರುವ ಮನುಷ್ಯ ಈ ಭೂಮಿ ಮೇಲೆ ಹುಟ್ಟಿಲ್ಲ. ಒಳಗೆ: ‘ಬೇಡ ಅಂದ್ರೂ ತೆರೆದ್ಯಲ್ಲ, ಮಂಗ!’ ಮಡಿಕೆಯೊಳಗೆ ಮಡಿಕೆ ಮಾಡಿ ನಾಲ್ಕು ಸಲ ಬೈಯಿಸಿಕೊಳ್ಳುವ ವ್ಯವಸ್ಥೆ ಮಾಡುವ ಚತುರರೂ ಇದ್ದಾರೆ. ಇನ್ನು ಕೊನೆಯ ಹಾಳೆ. ಅದಕ್ಕೆ ದೊಡ್ಡ ಪೈಪೋಟಿ. ‘ಎಲ್ಲರಿಗಿಂತ ಕೊನೆಗೆ ಬರೆದವನು ನಾನೇ, ಆದ್ದರಿಂದ ನಾನೇ ನಿನ್ನ ಬೆಸ್ಟ್ ಫ್ರೆಂಡ್’ ಎಂದು ಒಬ್ಬ ಬರೆದರೆ, ಇನ್ನೊಬ್ಬ ಅದರ ಕೆಳಗೆ ಇರುವೆಯಂಥ ಅಕ್ಷರದಲ್ಲಿ ‘ಸುಳ್ಳು’ ಎಂದು ಸೇರಿಸುತ್ತಾನೆ. ಮತ್ತೊಬ್ಬ ರಟ್ಟಿನ ಒಳಮೈಗೆ ಹೋಗಿ ಬರೆದು ಗೆದ್ದೆ ಎನ್ನುತ್ತಾನೆ.

ಬರೆಯುವ ಮಾತುಗಳಲ್ಲಿ ಅರ್ಧಕ್ಕರ್ಧ ಊಟದ್ದು. ಮದುವೆಗೆ ಕರೆಯಬೇಕು ಎಂಬ ಒತ್ತಾಯ ಹನ್ನೆರಡು ಹದಿಮೂರರ ಮಕ್ಕಳ ಕೈಯಲ್ಲಿ ಎಲ್ಲಿಂದ ಬಂತು ಎಂದು ಯೋಚಿಸಿದರೆ ನಗು ಬರುತ್ತದೆ. ಆದರೆ ಅವರ ಚಿಂತೆ ಮದುವೆಯದ್ದಲ್ಲ: ‘ಕರೆದರೂ ಬರ್ತೇನೆ, ಕರೆಯದಿದ್ದರೂ ಬರ್ತೇನೆ, ಮೊದಲ ಪಂಕ್ತಿಯಲ್ಲಿ ಎಲೆ ಹಾಕಿಡು, ಹೋಳಿಗೆಗೆ ತುಪ್ಪ ಕಡಿಮೆ ಮಾಡಬೇಡ.’ ಮುಂದಿನದು ಬಾಕಿ ವಸೂಲಿ: ‘ನಾಲ್ಕನೇ ತರಗತಿಯಲ್ಲಿ ನೀನು ಒಯ್ದ ನನ್ನ ರಬ್ಬರ್ ಇನ್ನೂ ಬಂದಿಲ್ಲ. ಅದು ಬರುವವರೆಗೆ ನಿನ್ನನ್ನು ನಾನು ಮರೆಯುವುದಿಲ್ಲ.’ ಇದಕ್ಕಿಂತ ಪ್ರಾಮಾಣಿಕವಾದ ನೆನಪಿನ ವಾಗ್ದಾನವನ್ನು ನಾನು ಬೇರೆಲ್ಲೂ ಕಂಡಿಲ್ಲ. ‘ಗುರಿ’ ಎಂಬ ಕಾಲಂನಲ್ಲಿ ಎಲ್ಲರೂ ಡಾಕ್ಟರು. ಅದರ ಎದುರಿಗೆ ಗೆಳೆಯರ ಷರಾ: ‘ನನಗೆ ಮಾತ್ರ ಇಂಜೆಕ್ಷನ್ ಬೇಡ, ಮಾತ್ರೆ ಸಾಕು.’ ಗಣಿತ ಪ್ರಿಯರು ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದರಲ್ಲೇ ಸ್ನೇಹದ ಲೆಕ್ಕ ಮಾಡುತ್ತಾರೆ. ಲೆಕ್ಕ ಬಾರದವನು ‘ನಿನ್ನ ಸ್ನೇಹ ಭಾಗಿಸು ಸೊನ್ನೆ’ ಎಂದು ಬರೆದರೆ, ಅದಕ್ಕೆ ಉತ್ತರವೇ ಇಲ್ಲ ಎಂದು ಮಾಸ್ತರು ಹೇಳಿದ್ದು ಅವನಿಗೆ ನೆನಪಿದೆ ಅಂತಾಯಿತು.

ಈ ಸೀಮೆಯದ್ದೇ ಆದ ಇನ್ನೊಂದು ವಿದಾಯವಿದೆ: ‘ಮಾರಿ ಜಾತ್ರೆಯಲ್ಲಿ ತೊಟ್ಟಿಲ ಹತ್ತಿರ ಸಿಗುವಾ.’ ಬೇರೆ ಕಡೆ ‘ಮತ್ತೆ ಭೇಟಿಯಾಗೋಣ’ ಎಂಬುದು ಉಪಚಾರದ ಮಾತು. ಇಲ್ಲಿ ಅದಕ್ಕೆ ಜಾಗವೂ ಇದೆ, ತಾರೀಕೂ ಇದೆ. ಶಿರಸಿಯ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ, ಹೆಚ್ಚಾಗಿ ಫೆಬ್ರುವರಿ–ಮಾರ್ಚ್ ಆಸುಪಾಸಿನಲ್ಲಿ ಬರುತ್ತದೆ. ಸುತ್ತಲ ತಾಲೂಕುಗಳ ಜನವೆಲ್ಲ ಅಲ್ಲಿ. ಏಳನೆಯದು ಮುಗಿಸಿದವರು ಎಂಟರಲ್ಲೋ ಒಂಬತ್ತರಲ್ಲೋ ಇರುವಾಗ ಆ ತೊಟ್ಟಿಲ ಬುಡದಲ್ಲಿ ನಿಜವಾಗಿಯೂ ಎದುರಾಗುತ್ತಾರೆ. ಎದುರಾದರೂ ಹುಡುಗರು ಹುಡುಗಿಯರನ್ನು ನೋಡದವರಂತೆ ಬತ್ತಾಸಿನ ಅಂಗಡಿಯತ್ತ ತಿರುಗುತ್ತಾರೆ, ಅದು ಬೇರೆ ಮಾತು.

ಆಟೋಗ್ರಾಫ್ ಬರಹದ ಭಾಷೆಯಲ್ಲೊಂದು ಸ್ವಾರಸ್ಯವಿದೆ. ಯಲ್ಲಾಪುರ ತಾಲೂಕಿನ ಒಂದು ತರಗತಿಯಲ್ಲಿ ಮನೆಮಾತು ಒಂದೇ ಇರುವುದು ಅಪರೂಪ. ಹವ್ಯಕರ ಮಾಣಿಗೆ ಹವಿಗನ್ನಡ, ಸಿದ್ದಿಯರ ಹುಡುಗಿಗೆ ಕೊಂಕಣಿ ಬೆರೆತ ತಮ್ಮದೇ ನುಡಿ, ಗೌಳಿಗರ ಹುಡುಗನಿಗೆ ಮರಾಠಿಯ ಒಂದು ಬಗೆ, ಕುಣಬಿಗಳಿಗೆ ಕೊಂಕಣಿ, ನಾಯ್ಕರ ಮನೆಯ ಕನ್ನಡದ ರಾಗವೇ ಬೇರೆ. ಪುಸ್ತಕದ ಕನ್ನಡ ಯಾರ ಮನೆಯದ್ದೂ ಅಲ್ಲ, ಹಾಗಾಗಿ ಎಲ್ಲರದ್ದೂ ಹೌದು. ‘ನಿನ್ನ ಅಗಲಿಕೆ ನನಗೆ ಅತೀವ ದುಃಖ ತಂದಿದೆ’ ಎಂದು ಆ ಭಾಷೆಯಲ್ಲಿ ಬರೆದದ್ದನ್ನು ಓದಿ ಯಾರಿಗೂ ದುಃಖವಾಗುವುದಿಲ್ಲ. ಅದರ ಕೆಳಗೆ ‘ಯಂಗಳ ಮನೆಗೆ ಬಪ್ಪಲೆ ಮರೆಯಡ ಮಾರಾಯ್ತಿ’ ಎಂದು ಒಂದು ಸಾಲು ಜಾರಿಬಿದ್ದರೆ ಮಾತ್ರ ಪುಸ್ತಕದ ಒಡತಿಗೆ ಗಂಟಲು ಕಟ್ಟುತ್ತದೆ. ಏಳು ವರ್ಷ ಪಕ್ಕದಲ್ಲಿ ಕೂತು ಒಬ್ಬರ ಮನೆಮಾತಿನ ಬೈಗುಳವನ್ನು ಇನ್ನೊಬ್ಬರು ಕಲಿತಿರುತ್ತಾರೆ. ಹವ್ಯಕರ ಹುಡುಗ ಗೌಳಿ ಗೆಳೆಯನ ಪುಸ್ತಕದಲ್ಲಿ ಅರೆಬರೆ ಮರಾಠಿಯಲ್ಲಿ ಬರೆದ ಸಾಲಿನ ವ್ಯಾಕರಣ ನೋಡಬಾರದು, ಸಲಿಗೆ ನೋಡಬೇಕು.

ಬೀಳ್ಕೊಡುಗೆ ಸಮಾರಂಭದ ಭಾಷಣಗಳದ್ದು ಇನ್ನೊಂದು ಲೋಕ. ಸರಸ್ವತಿಯ ಫೋಟೊಕ್ಕೆ ಹೂವು, ಊದುಬತ್ತಿ, ಒಂದು ತಟ್ಟೆಯಲ್ಲಿ ಕೇಸರಿಬಾತು. ವೇದಿಕೆಯಲ್ಲಿ ಎಸ್‌ಡಿಎಂಸಿ ಅಧ್ಯಕ್ಷರು ಬಾಯಲ್ಲಿನ ಕವಳ ಉಗುಳಿ ಬಂದು ಕೂರುವವರೆಗೆ ಸ್ವಾಗತ ಗೀತೆ ಎರಡು ಸಲ. ಆಮೇಲೆ ಆರನೆಯ ತರಗತಿಯ ಒಬ್ಬಳು ‘ಗೌರವಾನ್ವಿತ ಅಧ್ಯಕ್ಷರೇ’ ಎಂದು ಶುರು ಮಾಡಿ ಉಸಿರು ಬಿಡದೆ ‘ಇಷ್ಟು ಹೇಳಿ ನನ್ನ ಎರಡು ಮಾತುಗಳನ್ನು ಮುಗಿಸುತ್ತೇನೆ’ವರೆಗೆ ಬರುತ್ತಾಳೆ, ನಡುವಿನ ಎರಡು ಮಾತು ಯಾವುದು ಎಂದು ಸಭೆ ಹುಡುಕುತ್ತಿರುತ್ತದೆ. ಹಿರಿಯರು ಬರೆದುಕೊಟ್ಟ ಭಾಷಣದಲ್ಲಿ ಪತ್ರಿಕೆಯ ಶ್ರದ್ಧಾಂಜಲಿ ಅಂಕಣದ ಮಾತು ನುಸುಳುವುದೂ ಉಂಟು. ‘ಇವರ ಅಗಲಿಕೆಯಿಂದ ನಮ್ಮ ಶಾಲೆಗೆ ತುಂಬಲಾರದ ನಷ್ಟ’ ಎಂದು ಮಗು ಗಂಭೀರವಾಗಿ ಹೇಳಿದಾಗ, ಎದುರು ಸಾಲಿನಲ್ಲಿ ಕೂತ ಏಳನೆಯವರು ತಾವಿನ್ನೂ ಬದುಕಿದ್ದೇವೆಯೇ ಎಂದು ಪರಸ್ಪರ ಚಿವುಟಿಕೊಳ್ಳುತ್ತಾರೆ. ಅಧ್ಯಕ್ಷರು ಚಪ್ಪಾಳೆ ತಟ್ಟುತ್ತಾರೆ. ಸಮಾರಂಭಗಳ ಗಾಂಭೀರ್ಯಕ್ಕೆ ಮಕ್ಕಳು ಬೇಕೆಂದೇ ಕುಂದು ತರುವುದಿಲ್ಲ. ಗಾಂಭೀರ್ಯವೇ ಅವರ ಬಾಯಲ್ಲಿ ತಾನಾಗಿ ಜಾರುತ್ತದೆ.

ಬೇಕೆಂದೇ ಮಾಡುವುದು ಮಧ್ಯಾಹ್ನದ ನಂತರ. ಮಾಸ್ತರರ ಮೇಲಿನ ಅಣಕಕ್ಕೆ ವರ್ಷದಲ್ಲಿ ಅಧಿಕೃತ ಪರವಾನಗಿ ಸಿಗುವುದು ಅದೊಂದೇ ದಿನ. ಒಬ್ಬ ಕನ್ನಡಕ ತೊಟ್ಟು, ಡಸ್ಟರನ್ನು ಮೇಜಿಗೆ ಬಡಿದು, ‘ಹಾಂ... ತಿಳೀತಾ?’ ಎನ್ನುತ್ತಾನೆ. ಸಭೆ ಬಿದ್ದು ಬಿದ್ದು ನಗುತ್ತದೆ. ಪ್ರತಿ ಮಾಸ್ತರರಿಗೂ, ಪ್ರತಿ ಅಕ್ಕೋರಿಗೂ ಅವರದ್ದೇ ಒಂದು ಪಲ್ಲವಿ ಇರುತ್ತದೆ: ‘ತಲೆಯಲ್ಲಿ ಏನು ಸಗಣಿ ತುಂಬಿಕೊಂಡಿದ್ಯಾ’, ‘ನಿಮ್ಮಪ್ಪನ್ನ ನಾಳೆ ಕರಕೊಂಡು ಬಾ’, ‘ನಿನ್ನ ಅಣ್ಣ ಹೀಗಿರಲಿಲ್ಲ’. ಒಂದು ದಿನಕ್ಕೆ ಯಾವ ಮಾಸ್ತರರು ಎಷ್ಟು ಸಲ ‘ತಿಳೀತಾ’ ಎನ್ನುತ್ತಾರೆಂದು ಹಿಂಬೆಂಚಿನವರು ವರ್ಷವಿಡೀ ನೋಟ್‌ಬುಕ್ಕಿನ ಕೊನೆಯಲ್ಲಿ ಗೀಟು ಹಾಕಿ ಇಟ್ಟಿರುತ್ತಾರೆ. ಲೆಕ್ಕದಲ್ಲಿ ಫೇಲಾಗುವವನ ಈ ಲೆಕ್ಕ ಒಂದೂ ತಪ್ಪಿರುವುದಿಲ್ಲ. ತಮ್ಮ ಪಲ್ಲವಿ ಕೇಳಿ ಮಾಸ್ತರರು ಮೊದಲು ಹುಬ್ಬು ಗಂಟಿಕ್ಕಿ, ಆಮೇಲೆ ಪಕ್ಕದ ಅಕ್ಕೋರನ್ನು ‘ನಾನು ಹೀಗಾ ಮಾತಾಡೋದು?’ ಎಂದು ಕೇಳುವುದನ್ನು ನೋಡಬೇಕು. ಅಕ್ಕೋರು ಉತ್ತರ ಹೇಳುವ ಮೊದಲೇ ಅವರದ್ದೇ ಸರದಿ ಬಂದಿರುತ್ತದೆ.

ಯಕ್ಷಗಾನದ ನೆಲವಾದ್ದರಿಂದ ಅಣಕಕ್ಕೆ ವೇಷ ಹುಡುಕಿಕೊಂಡು ಹೋಗಬೇಕಿಲ್ಲ. ರಟ್ಟಿನ ಕಿರೀಟ, ಅಮ್ಮನ ಸೀರೆ, ಗಡಿಯಾರದ ಪೆಟ್ಟಿಗೆಯ ಬೆಳ್ಳಿ ಕಾಗದ. ಹೆಡ್‌ಮಾಸ್ತರರ ಪಾತ್ರಧಾರಿ ಮೂರು ಸುತ್ತು ಕುಣಿದು ಬಂದು ‘ಬಲ್ಲಿರೇನಯ್ಯಾ! ಈ ಶಾಲೆಗೆ ಯಾರೆಂದು ಕೇಳಿದ್ದೀರಿ?’ ಎನ್ನುತ್ತಾನೆ. ಭಾಗವತನಾಗಿ ಕೂತವನು ತಾಳದ ಬದಲು ಊಟದ ತಟ್ಟೆ ಬಡಿದು ‘ಗಂಟೆ ಹೊಡೆಯುವವರೆಂದು ಕೇಳಿದ್ದೇವೆ’ ಎನ್ನುತ್ತಾನೆ. ಕೆಲವು ಊರುಗಳಲ್ಲಿ ಪರೀಕ್ಷಾಸುರ ಎಂಬ ರಾಕ್ಷಸನೂ ಬರುತ್ತಾನೆ. ಅವನನ್ನು ಕೊಲ್ಲುವುದು ಜ್ಯಾಮಿಟ್ರಿ ಪೆಟ್ಟಿಗೆಯ ಕೈವಾರದಿಂದ. ರಾತ್ರಿ ಆಟ ನೋಡಿ ಬೆಳಿಗ್ಗೆ ತರಗತಿಯಲ್ಲಿ ತೂಕಡಿಸಿದ್ದಕ್ಕೆ ಬೈಸಿಕೊಂಡ ಮಕ್ಕಳೇ ಇದನ್ನೆಲ್ಲ ಕಟ್ಟುವುದು. ತೂಕಡಿಕೆ ದಂಡವಾಗಲಿಲ್ಲ.

ನಗುವಿನಲ್ಲಿ ಎಲ್ಲವೂ ಹಾಲಿನಷ್ಟು ಬಿಳಿಯಲ್ಲ. ಪ್ರೌಢಶಾಲೆ, ಕಾಲೇಜುಗಳ ಸ್ನೇಹ ಸಮ್ಮೇಳನಗಳಲ್ಲಿ ನಡೆಯುವ ‘ಫಿಶ್ ಪಾಂಡ್’ ಈಗ ಏಳನೆಯವರ ಬೀಳ್ಕೊಡುಗೆಗೂ ಇಳಿದಿದೆ. ಒಂದು ಡಬ್ಬಿಗೆ ಚೀಟಿಗಳು ಬೀಳುತ್ತವೆ. ಚೀಟಿಯಲ್ಲಿ ಒಬ್ಬರ ಹೆಸರು, ಅವರಿಗೊಂದು ಬಿರುದು ಅಥವಾ ಸಿನಿಮಾ ಹಾಡಿನ ಒಂದು ತುಣುಕು. ಬರೆದವರ ಹೆಸರಿಲ್ಲ. ಇಲ್ಲಿಯೇ ತೊಡಕು. ಆಟೋಗ್ರಾಫ್‌ನಲ್ಲಿ ‘ಮಂಗ’ ಎಂದು ಬರೆದವನು ಕೆಳಗೆ ಸಹಿ ಹಾಕಿರುತ್ತಾನೆ, ಮರುಘಳಿಗೆಯಲ್ಲಿ ಅವನ ಹಾಳೆಯಲ್ಲಿ ‘ದೊಡ್ಡ ಮಂಗ’ ಎಂದು ಬರೆದು ಸೇಡು ತೀರಿಸಿಕೊಳ್ಳಬಹುದು. ಚೀಟಿಗೆ ಆ ಹೊಣೆ ಇಲ್ಲ. ಮೈಬಣ್ಣ, ತೊದಲು, ಕುಳ್ಳ, ದಪ್ಪ, ಕೂದಲಿನ ಗುಂಗುರು ಎಲ್ಲವೂ ಮೈಕಿನಲ್ಲಿ ಬಂದುಬಿಡುತ್ತದೆ. ಸಿದ್ದಿಯರ ಮಕ್ಕಳು ಕೂತಿರುವ ತರಗತಿಯಲ್ಲಿ ಕೂದಲಿನ ಮೇಲಿನ ತಮಾಷೆಗೆ ಎಲ್ಲರೂ ನಕ್ಕರೂ ಒಬ್ಬಳು ನಗುವುದಿಲ್ಲ. ಚುರುಕಾದ ಅಕ್ಕೋರು ಚೀಟಿಗಳನ್ನು ಮೊದಲು ತಾವು ಓದಿ ಅರ್ಧದಷ್ಟನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಬಿಡುತ್ತಾರೆ. ಅದು ಸೆನ್ಸಾರ್ ಎಂದು ಗೊಣಗುವವರಿದ್ದಾರೆ. ಗೊಣಗಲಿ. ಹೆಸರು ಹಾಕಿ ಬರೆಯಲು ಧೈರ್ಯವಿಲ್ಲದ ತಮಾಷೆ ಸೆರಗಿನಲ್ಲೇ ಇರುವುದು ಲೇಸು.

ಆಟೋಗ್ರಾಫ್ ಬರೆಸಿಕೊಳ್ಳುವ ಖಯಾಲಿ ನಮ್ಮ ಮಕ್ಕಳದ್ದಷ್ಟೇ ಅಲ್ಲ. ಹದಿನಾರನೇ ಶತಮಾನದ ಜರ್ಮನಿಯ ವಿಟೆನ್‌ಬರ್ಗ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಊರಿಗೆ ಹೊರಡುವ ಮುಂಚೆ ಪುಟ್ಟ ಪುಸ್ತಕಗಳಲ್ಲಿ ಗುರುಗಳ ಸಹಿ, ಹಿತವಚನ ಬರೆಸಿಕೊಳ್ಳುತ್ತಿದ್ದರು. ಮಾರ್ಟಿನ್ ಲೂಥರ್, ಮೆಲಾಂಕ್‌ಥನ್ ಅವರಂಥವರೂ ಹಾಗೆ ಬರೆದುಕೊಟ್ಟವರೇ. ಗುರುಗಳ ಪುಟ ಮುಗಿದ ಮೇಲೆ ಗೆಳೆಯರ ಪುಟ ಶುರುವಾದದ್ದು ಅಲ್ಲಿಯೂ ಹಾಗೆಯೇ. ಅಮೆರಿಕದ ಶಾಲೆಗಳಲ್ಲಿ ಅದೇ ಅಚ್ಚಾದ ಇಯರ್‌ಬುಕ್ ಆಗಿ, ‘ಮುಂದೆ ಏನಾದರೂ ಆಗುವ ಸಂಭವ ಹೆಚ್ಚಿರುವವರು’ ಎಂದು ಬಿರುದು ಕೊಡುವ ಪದ್ಧತಿ ಬೆಳೆಯಿತು. ಜಪಾನಿನಲ್ಲಿ ಮಾರ್ಚ್ ತಿಂಗಳೇ ಶಾಲೆ ಬಿಡುವ ಕಾಲ. ಅಲ್ಲಿನ ಮಕ್ಕಳು ಚೌಕದ ದಪ್ಪ ರಟ್ಟಿನ ಹಾಳೆಯ ನಡುವೆ ಒಬ್ಬರ ಹೆಸರು ಬರೆದು, ಸುತ್ತ ಸೂರ್ಯನ ಕಿರಣದ ಹಾಗೆ ಎಲ್ಲರೂ ಒಂದೊಂದು ಮಾತು ಬರೆಯುತ್ತಾರೆ. ಅದಕ್ಕೆ ಯೊಸೆಗಾಕಿ ಎನ್ನುತ್ತಾರೆ. ಜೂನಿಯರ್ ಹೈಸ್ಕೂಲು ಬಿಡುವ ಹುಡುಗನ ಕೋಟಿನ ಎರಡನೆಯ ಗುಂಡಿಯನ್ನು, ಅದು ಎದೆಗೆ ಹತ್ತಿರದ್ದೆಂದು, ಮೆಚ್ಚಿದ ಹುಡುಗಿ ಬೇಡಿ ಪಡೆಯುವುದೂ ಅಲ್ಲಿ ಉಂಟು. ನಮ್ಮಲ್ಲಿ ಹುಡುಗರ ಅಂಗಿಯ ಎರಡನೆಯ ಗುಂಡಿ ಮಾರ್ಚ್‌ವರೆಗೆ ಉಳಿದಿದ್ದರೆ ತಾನೇ.

ಗುಂಡಿಯಿಲ್ಲದಿದ್ದರೂ ಅಂಗಿ ಇದೆಯಲ್ಲ. ಕೊನೆಯ ಪರೀಕ್ಷೆ ಮುಗಿದ ಸಂಜೆ ಬಿಳಿ ಸಮವಸ್ತ್ರದ ಬೆನ್ನ ಮೇಲೆ ಸಹಿ ಹಾಕುವುದು, ಶಾಯಿ ಪೆನ್ನು ಕೊಡವುವುದು ಎಷ್ಟೋ ಕಾಲದ ಆಚರಣೆ. ತಮ್ಮನಿಗೆ ಮುಂದಿನ ವರ್ಷ ಆ ಅಂಗಿ ಬೇಕಾಗಿದ್ದ ಮನೆಗಳಲ್ಲಿ ರಾತ್ರಿ ನಡೆಯುತ್ತಿದ್ದ ಬೀಳ್ಕೊಡುಗೆಗೆ ಬೆತ್ತ ಸಾಕ್ಷಿ.

ಒಂದು ವರ್ಷ ಇವು ಯಾವುವೂ ಇರಲಿಲ್ಲ. 2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಶಾಲೆಗಳು ದಿಢೀರನೆ ಮುಚ್ಚಿದವು. ಏಳನೆಯವರ ಪರೀಕ್ಷೆ ಮೊದಲು ಮುಂದಕ್ಕೆ ಹೋಯಿತು, ಆಮೇಲೆ ರದ್ದಾಯಿತು, ಎಲ್ಲರೂ ಪಾಸು. ಅದೇ ಸಾಲಿನಲ್ಲಿ ಏಳನೆಯದಕ್ಕೆ ಪಬ್ಲಿಕ್ ಪರೀಕ್ಷೆ ಬರುತ್ತದೆಂಬ ಸುದ್ದಿಗೆ ಹೆದರಿಕೊಂಡಿದ್ದ ಮಕ್ಕಳು ಮೊದಲು ಕುಣಿದಾಡಿದರು. ಬೀಳ್ಕೊಡುಗೆಯೂ ಅದರ ಜೊತೆಗೇ ರದ್ದಾಗಿದೆ ಎಂಬುದು ತಲೆಗೆ ಹೊಳೆಯಲು ಕೆಲವು ವಾರ ಬೇಕಾಯಿತು. ಅರ್ಧ ತುಂಬಿದ ಆಟೋಗ್ರಾಫ್ ಪುಸ್ತಕಗಳು ಹಾಗೆಯೇ ಉಳಿದವು. ಆ ಬ್ಯಾಚಿನವರಿಗೆ ಏಳನೆಯದರಿಂದ ಹೊರಬಿದ್ದ ನೆನಪೇ ಇಲ್ಲ, ಎಂಟನೆಯದಕ್ಕೆ ಸೇರಿದ ನೆನಪು ಮಾತ್ರ ಇದೆ, ಅದೂ ಮೊಬೈಲಿನಲ್ಲಿ, ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತಿದ್ದು.

ಆಟೋಗ್ರಾಫ್ ಸತ್ತಿತು ಎಂದು ಆಗಾಗ ಯಾರಾದರೂ ಬರೆಯುತ್ತಾರೆ. 2006ರಲ್ಲಿ ಸುದೀಪ್ ತಮ್ಮ ಮೊದಲ ನಿರ್ದೇಶನದ ಸಿನಿಮಾಕ್ಕೆ ‘ಮೈ ಆಟೋಗ್ರಾಫ್’ ಎಂದು ಹೆಸರಿಟ್ಟಾಗಲೇ, ಅದೊಂದು ಹಿಂದಿರುಗಿ ನೋಡುವ ವಸ್ತುವಾಗಿತ್ತು. ಈಗ ಸ್ಲ್ಯಾಮ್ ಬುಕ್ ಬಂದಿದೆ, ಕಾಲಂಗಳು ಅಚ್ಚಾಗಿಯೇ ಬರುತ್ತವೆ, ತುಂಬಿದರಾಯಿತು. ಅಚ್ಚಾದ ಕಾಲಂ ನಗೆಯ ಶತ್ರು ಎಂದು ನನಗೆ ಅನಿಸುತ್ತದೆ. ಖಾಲಿ ಹಾಳೆಯೆದುರು ಕೂತವನಿಗೆ ಹೊಳೆಯುವ ಚೇಷ್ಟೆ ‘ಇಷ್ಟದ ಬಣ್ಣ’ ಎಂಬ ಗೆರೆಯ ಮೇಲೆ ಹೊಳೆಯುವುದಿಲ್ಲ. ಹಾಗಿದ್ದೂ ‘ಇಷ್ಟದ ಬಣ್ಣ: ಇಂಟರ್‌ವೆಲ್’ ಎಂದು ಬರೆಯುವ ಒಬ್ಬ ಎಲ್ಲಾ ತರಗತಿಯಲ್ಲೂ ಇದ್ದೇ ಇರುತ್ತಾನೆ. ಇಪ್ಪತ್ತೈದು ವರ್ಷ ಕಳೆದು ಗುರುವಂದನೆ ಎಂದು ಬ್ಯಾಚಿನವರೆಲ್ಲ ವಾಟ್ಸ್ಆ್ಯಪ್ ಗುಂಪು ಕಟ್ಟಿದಾಗ ಮೊದಲು ಹುಡುಕುವುದು ಅವನನ್ನೇ. ಬೆಂಗಳೂರಿನಲ್ಲಿ ದೊಡ್ಡ ಹುದ್ದೆಯಲ್ಲಿರುವವರು, ಮಗಳ ಮದುವೆ ಮಾಡಿದವರು ಎಲ್ಲರೂ ಆ ಗುಂಪಿನಲ್ಲಿ ಮತ್ತೆ ‘ಬೆಕ್ಕು’, ‘ಹಲಸು’, ‘ಲೇಟ್ ಲತೀಫ’. ರಬ್ಬರಿನ ಬಾಕಿಯ ಮಾತು ಅಲ್ಲಿಯೂ ಏಳುತ್ತದೆ.

ಎಲ್ಲರಿಗಿಂತ ದೊಡ್ಡ ವಿನೋದಿ ಮಾತ್ರ ಶಾಲೆಯೇ. ಜೂನ್‌ನಲ್ಲಿ ಟಿಸಿ ತರಲು ಅಪ್ಪನ ಜೊತೆ ಮಕ್ಕಳು ಒಬ್ಬೊಬ್ಬರೇ ಬರುತ್ತಾರೆ. ಅದರಲ್ಲಿ ಜನ್ಮದಿನಾಂಕ, ಜಾತಿ, ಸೇರಿದ ದಿನ, ಬಿಟ್ಟ ದಿನದ ಕಾಲಂಗಳಾದ ಮೇಲೆ ‘ನಡತೆ’ ಎಂದೊಂದಿದೆ. ಏಳು ವರ್ಷದಲ್ಲಿ ಅರ್ಧ ಕಾಲ ಬಾಗಿಲ ಹೊರಗೆ ನಿಂತವನು, ಹೆಡ್‌ಮಾಸ್ತರರ ಸೈಕಲ್ಲಿನ ಗಾಳಿ ಬಿಟ್ಟವನು, ಪರೀಕ್ಷಾಸುರನ ಪಾತ್ರ ಮಾಡಿ ಮೇಜು ಮುರಿದವನು ಉಗುರು ಕಚ್ಚುತ್ತಾ ಕಾಯುತ್ತಿರುತ್ತಾನೆ. ಹೆಡ್‌ಮಾಸ್ತರರು ಪೆನ್ನಿನ ಟೊಪ್ಪಿ ತೆಗೆದು, ಕನ್ನಡಕದ ಮೇಲಿಂದ ಅವನನ್ನೊಮ್ಮೆ ನೋಡಿ, ‘ಉತ್ತಮ’ ಎಂದು ಬರೆದು ಸೀಲು ಒತ್ತುತ್ತಾರೆ. ಹೊರಗೆ ಬಂದ ಮೇಲೆ ಅಪ್ಪ ಅದನ್ನು ಎರಡು ಸಲ ಓದಿ, ‘ಇದು ನಿಂದೇ ಹೌದನಾ?’ ಎಂದು ಕೇಳುತ್ತಾನೆ.